ತಟ್ಟೆಯಲ್ಲೇ ಹುಟ್ಟಿದ ಸಂಗೀತ

ಗ್ರಾಮಫೋನ್ ತಟ್ಟೆಯು ಸಂಗೀತದ ನಕಲು ಎಂದೇ ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಗಾಯಕನು ಎಲ್ಲಿಯೋ ಹಾಡಿದನು. ಯಂತ್ರವು ಅದನ್ನು ಬರೆದಿಟ್ಟಿತು. ನಾವು ಮನೆಯಲ್ಲಿ ಕುಳಿತು ಕೇಳಿದೆವು. ಆದರೆ ಯಾವ ಸಭೆಯಲ್ಲಿಯೂ ಒಟ್ಟಾಗಿ ನುಡಿಯದ ಸಂಗೀತವು ತಟ್ಟೆಯಲ್ಲಿ ಮಾತ್ರ ಇರಬಹುದೇ? ಇರಬಹುದೆಂದು ೧೯೬೭ರಲ್ಲಿ ಇಂಗ್ಲೆಂಡಿನ ಬೀಟಲ್ಸ್ ಎಂಬ ರಾಕ್ ತಂಡವು ಹೊರತಂದ 'ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್' ಎಂಬ ತಟ್ಟೆಯು ತೋರಿಸಿಕೊಟ್ಟಿತು.

ಮೊದಲು ತಟ್ಟೆಯ ರಚನೆಯನ್ನು ನೋಡೋಣ. ವಿನೈಲ್ ಎಂಬ ಪ್ಲಾಸ್ಟಿಕ್ಕಿನಿಂದಾದ, ೧೨ ಅಂಗುಲ ವ್ಯಾಸದ ಈ ತಟ್ಟೆಯ ಒಂದೊಂದು ಮುಖದಲ್ಲಿಯೂ ಹೊರ ಅಂಚಿನಿಂದ ಒಳಕ್ಕೆ ಸುರುಳಿಯಾಗಿ ಸಾಗುವ ಒಂದೇ ಒಂದು ಗೀರು ಇರುತ್ತದೆ. ಗೀರಿನ ಗೋಡೆಗಳು ಧ್ವನಿತರಂಗಕ್ಕೆ ಅನುಗುಣವಾಗಿ ಬಳುಕಿರುತ್ತವೆ. ತಟ್ಟೆಯು ಮೂರು ನಿಮಿಷಕ್ಕೆ ೧೦೦ ಸುತ್ತು, ಅಂದರೆ ೧.೮ ಸೆಕೆಂಡಿಗೆ ಒಂದು ಸುತ್ತು ತಿರುಗುವಾಗ ಮುಳ್ಳು ಈ ಬಳುಕುಗಳಲ್ಲಿ ಕಂಪಿಸುತ್ತದೆ. ಆ ಕಂಪನವೇ ವಿದ್ಯುತ್ತಾಗಿ, ಮತ್ತೆ ಧ್ವನಿಯಾಗಿ ಮಾರ್ಪಡುತ್ತದೆ.

೧೯೬೬ರ ಆಗಸ್ಟ್ ೨೯ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಚೇರಿ ನಡೆಸಿದ ಬಳಿಕ ಬೀಟಲ್ಸ್ ತಂಡವು ಸಂಚಾರವನ್ನು ನಿಲ್ಲಿಸಿತು. ವೇದಿಕೆಯ ಮೇಲೆ ನುಡಿಸಲು ಆಗುವುದೋ ಇಲ್ಲವೋ ಎಂಬ ಚಿಂತೆಯೂ ಅಲ್ಲಿಗೆ ತೀರಿತು. ಲಂಡನ್ನಿನ ಆಬಿ ರೋಡಿನ ಧ್ವನಿಮುದ್ರಣಾಲಯದಲ್ಲಿ ನಿರ್ಮಾಪಕ ಜಾರ್ಜ್ ಮಾರ್ಟಿನ್ ಮತ್ತು ತಂತ್ರಜ್ಞ ಜೆಫ್ ಎಮರಿಕ್ ಇವರ ನೆರವಿನಿಂದ ಕೆಲಸವು ತಿಂಗಳುಗಟ್ಟಲೆ ನಡೆಯಿತು. ಅಲ್ಲಿನ ಟೇಪುಯಂತ್ರದಲ್ಲಿ ಇದ್ದುದು ನಾಲ್ಕೇ ಪಥಗಳು. ನಾಲ್ಕೂ ತುಂಬಿದಾಗ ಅವನ್ನು ಬೆರೆಸಿ ಮತ್ತೊಂದು ಯಂತ್ರಕ್ಕೆ ನಕಲು ಮಾಡಿ, ಅಲ್ಲಿ ಉಳಿದ ಪಥಗಳಿಗೆ ಹೊಸ ಧ್ವನಿಗಳನ್ನು ಸೇರಿಸುತ್ತಿದ್ದರು. ಪ್ರತಿ ನಕಲಿನಲ್ಲಿಯೂ ಟೇಪಿನ ಸದ್ದು ಹೆಚ್ಚುವುದರಿಂದ ಯಾವುದನ್ನು ಯಾವಾಗ ಬೆರೆಸಬೇಕೆಂಬುದನ್ನು ಮೊದಲೇ ನಿಶ್ಚಯಿಸಬೇಕಾಗಿತ್ತು.

ಕೊನೆಯ ಹಾಡಾದ 'ಎ ಡೇ ಇನ್ ದಿ ಲೈಫ್' ಇದಕ್ಕೆ ಉತ್ತಮ ನಿದರ್ಶನ. ಅದರಲ್ಲಿ ೪೦ ಮಂದಿ ವಾದಕರು ತಮ್ಮ ವಾದ್ಯದ ತಗ್ಗು ಸ್ವರದಿಂದ ಹೊರಟು, ೨೪ ಲಯಖಂಡಗಳ ಅವಧಿಯಲ್ಲಿ, ತಮ್ಮ ತಮ್ಮ ವೇಗದಲ್ಲಿ ಉಚ್ಚಸ್ವರಕ್ಕೆ ಏರುತ್ತಾರೆ. ಇದನ್ನು ನಾಲ್ಕು ಬಾರಿ ಮುದ್ರಿಸಿ ಒಂದರ ಮೇಲೊಂದು ಹೊಂದಿಸಿದುದರಿಂದ, ಎಲ್ಲಿಯೂ ಒಟ್ಟುಗೂಡದ ೧೬೦ ವಾದಕರ ವೃಂದವು ನಮ್ಮ ಕಿವಿಗೆ ಕೇಳಿಸುತ್ತದೆ.

ಅನಂತರ ಹಲವು ಪಿಯಾನೋಗಳ ಒಂದೇ ಸ್ವರಮೇಳ. ಬಡಿದ ತಂತಿಯ ಧ್ವನಿಯು ಬಹುಬೇಗ ಕ್ಷೀಣಿಸುವುದೆಂದು ನಾವು ಬಲ್ಲೆವು. ಇಲ್ಲಿಯಾದರೋ ಅದು ೪೦ ಸೆಕೆಂಡಿಗೂ ಮೀರಿ ನಿಲ್ಲುತ್ತದೆ. ಧ್ವನಿಯು ಇಳಿದಂತೆಲ್ಲ ತಂತ್ರಜ್ಞರು ವರ್ಧನವನ್ನು ಏರಿಸುತ್ತ ಹೋದುದೇ ಇದರ ಗುಟ್ಟು. ಕೊನೆಯಲ್ಲಿ ಕುರ್ಚಿಯೊಂದು ಕಿರುಗುಟ್ಟಿದ ಸದ್ದೂ ಅದರೊಡನೆ ಮೇಲೆದ್ದು ಬರುತ್ತದೆ!

ಎರಡನೆಯ ಮುಖದ ಮೊದಲ ಹಾಡು, ರವಿಶಂಕರರಲ್ಲಿ ಸಿತಾರ್ ಕಲಿತಿದ್ದ ಜಾರ್ಜ್ ಹ್ಯಾರಿಸನ್ನರದು. ಲಂಡನ್ನಿನಲ್ಲಿದ್ದ ಭಾರತೀಯ ವಾದಕರು ಅದರಲ್ಲಿ ದಿಲ್ರುಬಾ, ತಬಲಾ, ತಂಬೂರಿಗಳನ್ನು ನುಡಿಸಿದರು. ಮಾರ್ಟಿನ್ ಬೇರೊಂದು ದಿನ ಪಿಟೀಲು, ಚೆಲ್ಲೋಗಳನ್ನು ಸೇರಿಸಿದರು. ದಿಲ್ರುಬಾದ ಜಾರುಗಳನ್ನು ಪಾಶ್ಚಾತ್ಯ ಪಿಟೀಲುಗಳು ಹೀಗೆ ಟೇಪಿನ ಮೇಲೆ ಅನುಸರಿಸಿದುವು.

ಹಾಡು ಮುಗಿದ ಮೇಲೆ ಮುಳ್ಳು ನಡುವಿನ ಚೀಟಿಯ ಮೇಲೆ ನುಗ್ಗದಂತೆ ತಡೆಯಲು ತಟ್ಟೆಯ ಕೊನೆಯಲ್ಲಿ ವೃತ್ತಾಕಾರದ ಗೀರೊಂದಿರುತ್ತದೆ. ಅದು ಸಾಮಾನ್ಯವಾಗಿ ನಿಃಶಬ್ದ. ಬ್ರಿಟನ್ನಿನ ಮೊದಲ ಮುದ್ರಣಗಳಲ್ಲಿ ಅಲ್ಲಿಯೂ ಮಾತಿನ ತುಣುಕುಗಳನ್ನು ತುಂಬಿದ್ದರು. ಮುಳ್ಳನ್ನು ಎತ್ತುವವರೆಗೆ ಅದು ಸುತ್ತುತ್ತಲೇ ಇರುವುದು. ಅದಕ್ಕೆ ಮೊದಲು ಸೆಕೆಂಡಿಗೆ ಸುಮಾರು ೧೫,೦೦೦ ಕಂಪನಗಳ ನಾದವೂ ಉಂಟು. ಒಳಭಾಗದಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು ೨೦ ಸೆಂಟಿಮೀಟರ್ ಗೀರು ಮಾತ್ರ ಹಾಯುವುದರಿಂದ, ಒಂದೊಂದು ಅಲೆಯ ಉದ್ದ ಮಿಲಿಮೀಟರಿನ ಸುಮಾರು ಎಪ್ಪತ್ತೈದನೆಯ ಒಂದು ಭಾಗದಷ್ಟು! ಈ ನಾದವು ನಾಯಿಗೆ ಸ್ಪಷ್ಟವಾಗಿ ಕೇಳುವುದು, ವಿದ್ಯಾರ್ಥಿಗಳಿಗೂ ಕೇಳಬಹುದು, ಅವರ ಅಜ್ಜನಿಗೆ ಬಹುಶಃ ಕೇಳದು.

ಈ ಹಾಡುಗಳನ್ನು ಬೀಟಲ್ಸ್ ತಂಡವು ಎಂದೂ ವೇದಿಕೆಯ ಮೇಲೆ ನುಡಿಸಲಿಲ್ಲ. ಇದರಿಂದ ನಷ್ಟವಿಲ್ಲವೆನ್ನಲಾಗದು: ಕೇಳುಗರ ಮುಖ ನೋಡಿ ಅರಳುವ ಮನೋಧರ್ಮಕ್ಕೆ ಇಲ್ಲಿ ಎಡೆಯಿಲ್ಲ. ಆದರೆ ಲಾಭವೂ ಸಣ್ಣದಲ್ಲ. ಇಂದು ಕಂಪ್ಯೂಟರಿನಲ್ಲಿ ನೂರಾರು ಪಥಗಳನ್ನು ಬೆರೆಸಿ ಸಂಗೀತ ಕಟ್ಟುವ ಪ್ರತಿಯೊಬ್ಬನೂ, ಮುದ್ರಣಯಂತ್ರವನ್ನೇ ವಾದ್ಯವಾಗಿ ಮಾಡಿಕೊಂಡ ಈ ದಾರಿಯಲ್ಲಿಯೇ ನಡೆಯುತ್ತಿದ್ದಾನೆ.