ಮೂಳೆ ಬಿಟ್ಟುಕೊಡದ ಲೋಹ

ಸಂಶೋಧಕ ಪೇರ್-ಇಂಗ್ವಾರ್ ಬ್ರೋನೆಮಾರ್ಕ್ ಅವರಿಗೆ ಹಲ್ಲಿನ ಗೊಡವೆಯೇ ಇರಲಿಲ್ಲ. 1950ರ ದಶಕದ ಆರಂಭದಲ್ಲಿ, ಸ್ವೀಡನ್ನಿನ ಲುಂಡ್‌ನಲ್ಲಿ, ಅವರು ಮಜ್ಜೆಯೊಳಗೆ ರಕ್ತ ಹರಿಯುವ ಬಗೆಯನ್ನು ಅಭ್ಯಾಸ ಮಾಡುತ್ತಿದ್ದರು. ಜೀವಂತ ಮೂಳೆಯೊಳಗೆ ಇಣುಕಲು ಮೊಲದ ಕಾಲಿಗೆ ಟೈಟೇನಿಯಂನ ಪುಟ್ಟ ಉಪಕರಣ ಕೂರಿಸಿದ್ದರು. ಪ್ರಯೋಗ ಮುಗಿದ ಮೇಲೆ ಅದನ್ನು ಬಿಚ್ಚಲು ಹೋದರೆ ಬರಲೇ ಇಲ್ಲ. ಮೂಳೆ ಅದನ್ನು ಸುತ್ತಲೂ ಬಿಗಿಯಾಗಿ ಹಿಡಿದಿತ್ತು.

ಮೂಳೆಯ ಈ ಹಿಡಿತವನ್ನು ದವಡೆಯಲ್ಲಿ ಉಪಯೋಗಿಸಿಕೊಳ್ಳಲು ಹತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. 1965ರಲ್ಲಿ ಗೊಟೆನ್‌ಬರ್ಗ್‌ನಲ್ಲಿ ಯೋಸ್ತಾ ಲಾರ್ಸನ್ ಎಂಬವರ ಕೆಳದವಡೆಗೆ ಬ್ರೋನೆಮಾರ್ಕ್ ಟೈಟೇನಿಯಂ ಸ್ಕ್ರೂಗಳನ್ನು ಕೂರಿಸಿದರು. ಲಾರ್ಸನ್ 2006ರಲ್ಲಿ ತೀರಿಕೊಳ್ಳುವವರೆಗೂ ಅವು ಕೆಲಸ ಮಾಡಿದವು. ಆದರೂ ದಂತವೈದ್ಯಲೋಕ ಒಪ್ಪಲು ಸತಾಯಿಸಿತು. ಹೇಳುತ್ತಿದ್ದವರು ಅಂಗರಚನಾ ವಿಭಾಗದವರು, ದಂತವೈದ್ಯರಲ್ಲ. ಅಲ್ಲದೆ ಅದುವರೆಗಿನ ಹಲವು ಇಂಪ್ಲಾಂಟ್‌ಗಳ ಸುತ್ತ ನಾರಿನ ಪದರ ಬೆಳೆದು, ಅವು ಸಡಿಲವಾಗಿ ಕೈಕೊಟ್ಟಿದ್ದವು. ಅನುಮಾನ ಪೂರ್ತಿ ಅನ್ಯಾಯದ್ದೇನಲ್ಲ. ಇತ್ತ ಸ್ವಿಟ್ಜರ್ಲೆಂಡಿನ ಆಂಡ್ರೆ ಶ್ರೋಡರ್ ತಮ್ಮ ದಾರಿಯಲ್ಲೇ, ಮೂಳೆ ಟೈಟೇನಿಯಂ ಅನ್ನು ನೇರವಾಗಿ ಹಿಡಿದುಕೊಳ್ಳುತ್ತದೆ ಎಂಬ ಇದೇ ತೀರ್ಮಾನಕ್ಕೆ ಬಂದಿದ್ದರು. 1982ರಲ್ಲಿ ಟೊರಾಂಟೊದಲ್ಲಿ ಈ ಬಗ್ಗೆ ನಡೆದ ಸಮ್ಮೇಳನದ ನಂತರವೇ ಅಮೆರಿಕ ಖಂಡದ ದಂತ ಕಾಲೇಜುಗಳು ಕಣ್ಣು ತೆರೆದದ್ದು.

ಆಗಿನ ಕ್ರಮದಲ್ಲಿ ಅವಸರಕ್ಕೆ ಜಾಗವಿರಲಿಲ್ಲ. ಸ್ಕ್ರೂ ಕೂರಿಸಿ, ಒಸಡು ಮುಚ್ಚಿ ಹೊಲಿದು, ಕೆಳದವಡೆಗೆ ಮೂರು ತಿಂಗಳು, ಮೇಲ್ದವಡೆಗೆ ಆರು ತಿಂಗಳು ಕಾಯಬೇಕು. ಮೂಳೆ ಎಲ್ಲಿದೆಯೋ ಅಲ್ಲಿ ಸ್ಕ್ರೂ, ಸ್ಕ್ರೂ ಎಲ್ಲಿದೆಯೋ ಅಲ್ಲಿ ಹಲ್ಲು. ಕೆಳದವಡೆಯಲ್ಲಿ ಹಲ್ಲಿನ ಸಾಲು ಒಸಡಿನಿಂದ ಮೇಲೆ ಎತ್ತರಕ್ಕೆ ನಿಂತಿದ್ದರೂ ತುಟಿ ಮರೆಮಾಡುತ್ತಿತ್ತು. ನಕ್ಕರೆ ಕಾಣುವ ಮೇಲಿನ ಮುಂಹಲ್ಲಿಗೆ ಅದು ನಡೆಯುವುದಿಲ್ಲವಲ್ಲ!

ನನ್ನ ಮಟ್ಟಿಗೆ ಇಡೀ ಚರಿತ್ರೆ ತಿರುಗಿದ್ದು ಇಲ್ಲಿ. ಮೂಳೆ ಎಲ್ಲಿದೆ ಎಂದು ಹುಡುಕುತ್ತಿದ್ದವರು, ಹಲ್ಲು ಎಲ್ಲಿರಬೇಕು ಎಂದು ಮೊದಲು ಕೇಳತೊಡಗಿದರು. ಮೂಳೆ ಸಾಲದಿದ್ದರೆ ಬೆಳೆಸೋಣ ಎಂಬ ಧೈರ್ಯವನ್ನು 1980ರ ದಶಕದ ಕೊನೆಯಲ್ಲಿ ಪರದೆ ಹೊದಿಸಿ ಮೂಳೆ ಬೆಳೆಸುವ ಪ್ರಯೋಗಗಳು ಕೊಟ್ಟವು. ಬೆಳೆಸುವ ಗೋಜೇ ಬೇಡ, ಇರುವ ಮೂಳೆಯಲ್ಲೇ ಓರೆಯಾಗಿ ಕೂರಿಸೋಣ ಎಂದವರು ಲಿಸ್ಬನ್ನಿನ ಪಾಲೊ ಮಾಲೊ. ಹಿಂದಿನ ಎರಡು ಸ್ಕ್ರೂ ವಾಲಿಸಿ, ಮೇಲೆ ಸೈನಸ್ಸನ್ನೂ ಕೆಳಗೆ ನರವನ್ನೂ ತಪ್ಪಿಸಿ, ನಾಲ್ಕರ ಮೇಲೆ ಇಡೀ ಸಾಲನ್ನು ನಿಲ್ಲಿಸುವ ಅವರ ವಿಧಾನ 2003ರಲ್ಲಿ ಪ್ರಕಟವಾಯಿತು. ಈಗಂತೂ ಬಾಯಿಯ ಸ್ಕ್ಯಾನನ್ನು ಕೋನ್ ಬೀಮ್ ಸಿಟಿಯ ಮೇಲೆ ಕೂರಿಸಿ, ಕಂಪ್ಯೂಟರಿನಲ್ಲಿ ಹಲ್ಲನ್ನು ಮೊದಲು ಬರೆದು, ಅಲ್ಲಿಂದ ಕೆಳಗಿಳಿದು ಸ್ಕ್ರೂವಿನ ಜಾಗ ಗುರುತಿಸಿ, ಡ್ರಿಲ್ಲಿಗೆ ದಾರಿ ತೋರುವ ಗೈಡನ್ನು ಪ್ರಿಂಟ್ ಮಾಡುತ್ತಾರೆ. 2017ರಲ್ಲಿ ಚೀನಾದ ಷಿಯಾನ್‌ನಲ್ಲಿ ವೈದ್ಯರು ಪಕ್ಕದಲ್ಲಿ ನಿಂತು ನೋಡುತ್ತಿರುವಂತೆ ರೋಬೋ ಎರಡು ಇಂಪ್ಲಾಂಟ್ ಕೂರಿಸಿದ್ದೂ ಆಗಿದೆ.

ಇಷ್ಟಾದರೂ ಮೂಳೆಯ ಪಂಚಾಂಗ ಅಷ್ಟೇನೂ ಬದಲಾಗಿಲ್ಲ. ಮರಳು ಸಿಡಿಸಿ, ಆಮ್ಲದಲ್ಲಿ ಅದ್ದಿ ತರಿಯಾಗಿಸಿದ ಮೇಲ್ಮೈ ಬಂದಮೇಲೆ ಕಾಯುವ ಅವಧಿ ತಿಂಗಳುಗಳಿಂದ ಹಲವರಲ್ಲಿ ಆರೆಂಟು ವಾರಕ್ಕೆ ಇಳಿದಿದೆ, ನಿಜ. ಆದರೆ ಸ್ಕ್ರೂ ಕೂರಿಸಿದ ದಿನ ಸಿಗುವ ಬಿಗಿ ಬರೀ ಮರಗೆಲಸದ ಬಿಗಿ. ಹಳೆಯ ಮೂಳೆ ಕರಗಿ ಹೊಸದು ಕಟ್ಟಿಕೊಳ್ಳುವ ನಡುವೆ, ಸುಮಾರು ಮೂರು-ನಾಲ್ಕನೇ ವಾರದಲ್ಲಿ, ಹಿಡಿತ ಸಡಿಲಾಗುವ ಘಟ್ಟವೊಂದಿದೆ. ಮೊದಲ ದಿನ 35 ನ್ಯೂಟನ್ ಸೆಂಟಿಮೀಟರ್ ಟಾರ್ಕ್ ಸಿಕ್ಕಿತೆಂದು ಹಿಗ್ಗುವ ವೈದ್ಯರು ಆ ವಾರವನ್ನು ಮರೆಯಬಾರದು. ‘ಒಂದೇ ದಿನದಲ್ಲಿ ಹಲ್ಲು’ ಎಂಬ ಫಲಕಗಳಲ್ಲಿ, ಆ ದಿನ ಸಾಮಾನ್ಯವಾಗಿ ಕೊಡುವುದು ತಾತ್ಕಾಲಿಕ ಹಲ್ಲು ಎಂಬ ಮಾತು ಕಾಣುವುದಿಲ್ಲ. ರೋಗಿಗೆ ಕುರ್ಚಿಯಲ್ಲಿ ಕೂರುವ ಮೊದಲೇ ಇದನ್ನು ಹೇಳಬೇಕು. ಗಟ್ಟಿ ಚಕ್ಕುಲಿ ಕಚ್ಚಿ ಬಂದ ಮೇಲಲ್ಲ. ಡ್ರಿಲ್ಲಿನ ಬಿಸಿಯ ವಿಷಯದಲ್ಲೂ ಮೂಳೆಯ ಮಿತಿ ಬದಲಾಗಿಲ್ಲ: 47 ಡಿಗ್ರಿ ಶಾಖ ಒಂದು ನಿಮಿಷ ತಾಗಿದರೆ ಸಾಕು, ಮೂಳೆ ಸರಿಯಾಗಿ ಮತ್ತೆ ಬೆಳೆಯದೆಂದು 1983ರಲ್ಲೇ ಎರಿಕ್ಸನ್ ಮತ್ತು ಆಲ್‌ಬ್ರೆಕ್ಟ್‌ಸನ್ ಮೊಲಗಳ ಮೇಲೆ ತೋರಿಸಿದ್ದರು. ಗೈಡ್ ಬಳಸುವಾಗ ಸಲೈನ್ ನೀರು ಡ್ರಿಲ್ಲಿನ ತುದಿಗೆ ಸುಲಭವಾಗಿ ತಲುಪುವುದಿಲ್ಲ. ಆಗಾಗ ಡ್ರಿಲ್ ಹೊರಗೆಳೆದು ನೀರು ಬಿಡುವುದೇ ಕ್ಷೇಮ.

ಈಗಿನ ದೊಡ್ಡ ತಲೆನೋವು ಇಂಪ್ಲಾಂಟ್ ಸುತ್ತಲಿನ ಸೋಂಕು. ಸಿಮೆಂಟ್ ಹಾಕಿ ಕೂರಿಸಿದ ಕ್ಯಾಪ್‌ನಡಿ ಒಸಡಿನೊಳಕ್ಕೆ ಜಾರಿದ ಹೆಚ್ಚುವರಿ ಸಿಮೆಂಟ್, 2009ರ ಒಂದು ಅಧ್ಯಯನದಲ್ಲಿ, ರೋಗಲಕ್ಷಣವಿದ್ದ ಪ್ರಕರಣಗಳ ಪೈಕಿ ಶೇ 81ರಲ್ಲಿ ಸಿಕ್ಕಿತು. ತೆಗೆದ ಮೇಲೆ ಬಹುಪಾಲು ವಾಸಿಯೂ ಆಯಿತು. ಹಾಗಾಗಿ ಬೇಕಾದಾಗ ಬಿಚ್ಚಬಹುದಾದ ಸ್ಕ್ರೂ ಕ್ಯಾಪ್‌ಗಳತ್ತ ಹಲವರು ಹೊರಳಿದ್ದಾರೆ. ಸ್ಕ್ರೂವಿನ ತೂತು ಹಲ್ಲಿನ ಮುಂಭಾಗಕ್ಕೆ ಬೀಳುತ್ತಿದ್ದ ಕಡೆಯೂ, ಓರೆ ದಾರಿಯ ಜೋಡಣೆ ಬಂದ ಮೇಲೆ, ಅದನ್ನು ಹಿಂದಕ್ಕೆ ಸರಿಸಬಹುದು. ಜಗಿಯುವ ಭಾಗದಲ್ಲಿ ತೂತು ಮುಚ್ಚಿದ ಬಿಳಿ ಚುಕ್ಕೆ ಕಂಡು ಕೆಲವರು ಗೊಣಗುತ್ತಾರೆ. ಅಂಥವರಿಗೆ ಮಾದರಿ ಹಲ್ಲೊಂದನ್ನು ಮುಂಚಿತವಾಗಿ ಕೈಗೆ ಕೊಟ್ಟು, ಅದರ ಪಕ್ಕ ಸಣ್ಣ ಬ್ರಷ್ ತೂರಿಸಿ ಉಜ್ಜುವುದನ್ನೂ ಅದೇ ಭೇಟಿಯಲ್ಲಿ ಕಲಿಸಿಬಿಟ್ಟರೆ ಕೆಲಸ ಆಯಿತು.