ತಡವಾದ ಊಟ, ಕೆಟ್ಟ ಕನಸು

ಹೊತ್ತು ಮೀರಿ ಉಂಡು ಮಲಗಿದರೆ ಕೆಟ್ಟ ಕನಸು ಬೀಳುತ್ತದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಬೆಳಗಾವಿ ಜಿಲ್ಲೆಯ ಜೈನ ರೈತ ಮನೆತನಗಳಲ್ಲಂತೂ ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವುದು ವ್ರತವೇ ಆಗಿದೆ, ಕಾರಣ ಬೇರೆಯಾದರೂ. ಕಂದಾಯ ಇಲಾಖೆಯ ಸೇವೆಯಲ್ಲಿ ಬೈಲಹೊಂಗಲ, ಸವದತ್ತಿ, ರಾಮದುರ್ಗ ತಾಲ್ಲೂಕುಗಳನ್ನು (ಕಿತ್ತೂರು ಆಗಿನ್ನೂ ಪ್ರತ್ಯೇಕ ತಾಲ್ಲೂಕಾಗಿರಲಿಲ್ಲ) ಸುತ್ತಿದ ನನಗೆ ಈ ನಂಬಿಕೆಯ ನಿಜವೆಷ್ಟೆಂದು ತಿಳಿಯುವ ಕುತೂಹಲ.

ಕೆನಡಾದ ಸಂಶೋಧಕರು 2025ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 1,082 ವಿದ್ಯಾರ್ಥಿಗಳನ್ನು ಪ್ರಶ್ನಿಸಿದ್ದರು. ಆಹಾರ ನಿದ್ರೆಯನ್ನು ಬಾಧಿಸುತ್ತದೆ ಎಂದವರು ಸುಮಾರು ಶೇ 40. ಕನಸನ್ನೇ ಬದಲಿಸುತ್ತದೆ ಎಂದವರು ಶೇ 5.5 ಮಾತ್ರ. ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್, ಜೀರ್ಣವಾಗದವರಲ್ಲಿ ದುಃಸ್ವಪ್ನ ಹೆಚ್ಚೆಂಬುದು ಅದರ ಮುಖ್ಯ ಶೋಧ. ಹಾಲು ಮಜ್ಜಿಗೆಯಾಗುವಾಗ ಈ ಸಕ್ಕರೆ ಒಂದಿಷ್ಟು ಕರಗುತ್ತದೆ. ಆದ್ದರಿಂದ ನುಚ್ಚು-ಮಜ್ಜಿಗೆ ಉಂಡು ಮಲಗುವ ಸವದತ್ತಿಯ ಮುದುಕಿ, ಲೋಟ ತುಂಬ ಹಾಲು ಕುಡಿದು ಮಲಗುವ ನಗರವಾಸಿಗಿಂತ ಜಾಣೆಯೆನ್ನಲಡ್ಡಿಯಿಲ್ಲ.

ಊಟವೇ ಕನಸನ್ನು ಹುಟ್ಟಿಸುತ್ತದೆಯೆ? ಎದೆಯುರಿ, ಹೊಟ್ಟೆಯುಬ್ಬರಗಳು ನಿದ್ರೆಯನ್ನು ಪದೇಪದೇ ಮುರಿಯುತ್ತವೆ. ಕನಸಿನ ನಡುವೆ ಎಚ್ಚರವಾದರೆ ಅದು ನೆನಪಿನಲ್ಲುಳಿಯುತ್ತದೆ. ಎಚ್ಚರವಾಗದಿದ್ದರೆ ಬಹುಪಾಲು ಅಳಿಸಿಹೋಗುತ್ತದೆ. ಊಟ ಬಾಗಿಲು ತೆರೆಯುತ್ತದೆ, ಒಳಗಿರುವ ಭಯ ಬೇರೆಡೆಯಿಂದ ಬಂದದ್ದು. ಅರ್ಥಶಾಸ್ತ್ರ ಓದಿದವನಿಗೆ ಇನ್ನೊಂದು ಸಂಶಯ: ಚಿಂತೆಯುಳ್ಳವನು ತಡವಾಗಿಯೂ ಉಣ್ಣುತ್ತಾನೆ, ಕೆಟ್ಟ ಕನಸನ್ನೂ ಕಾಣುತ್ತಾನೆ. ಜೊತೆಗಿದ್ದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗದು.

ನಾನು ಕಂಡ ಹಳ್ಳಿಗಳಲ್ಲಿ ತಡವಾದ ಊಟ ಆಯ್ಕೆಯ ಮಾತಾಗಿರಲಿಲ್ಲ. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ರಾತ್ರಿ ಪಾಳಿಗೆ ಬಂದರೆ ರೈತ ಆಗಲೇ ಕಬ್ಬಿಗೆ ನೀರು ಹಾಯಿಸಬೇಕು. ಕತ್ತಲಲ್ಲಿ ಹಾವಿನ ಅಂಜಿಕೆ, ಬೆನ್ನಿಗೆ ಸಾಲದ ಕಂತು. ಕೆಸರುಗಾಲು ತೊಳೆದು, ತಣ್ಣಗಾದ ರೊಟ್ಟಿ ಉಂಡು ಮಲಗಿದವನು ಬೆಚ್ಚಿಬಿದ್ದೆದ್ದರೆ ರೊಟ್ಟಿಯನ್ನು ದೂರುವುದು ಸುಲಭ. ಬೇಗ ಉಣ್ಣಿರೆಂಬ ವೈದ್ಯರ ಸಲಹೆ ಹಗಲು ಕರೆಂಟು ಬಂದಾಗಲೇ ಅವನಿಗೆ ಪ್ರಯೋಜನಕ್ಕೆ ಬಂದೀತು.

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ರಾಮದುರ್ಗ ತಾಲ್ಲೂಕಿನ ದಂಡೆಯ ಹಳ್ಳಿಗಳಿಗೆ ನೀರು ನುಗ್ಗಿತು. ಇಂಥ ಆಘಾತ ಕಂಡವರಿಗೆ ವರ್ಷಗಳ ನಂತರವೂ ಅದೇ ಕನಸು ಮರುಕಳಿಸಬಹುದೆಂದು ಮನೋವೈದ್ಯಶಾಸ್ತ್ರ ಹೇಳುತ್ತದೆ. ಅವರು ಬರಿಹೊಟ್ಟೆಯಲ್ಲಿ ಮಲಗಿದರೂ ಅದು ತಪ್ಪದು. ಇದಕ್ಕೆ ಚಿಕಿತ್ಸೆಯುಂಟು: ದುಃಸ್ವಪ್ನದ ಕೊನೆಯನ್ನು ಹಗಲಿನಲ್ಲಿ ತಾವೇ ಬದಲಿಸಿಕೊಂಡು, ಆ ಹೊಸ ಕಥೆಯನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಅಭ್ಯಾಸ ಮಾಡುವುದು. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆಯೇ ಇದೆ. ಕಿತ್ತೂರಿನವರಿಗೆ ಅದು ಹತ್ತಿರ. ರಾಮದುರ್ಗದ ನದಿದಂಡೆಯವರು ಹೋಗಿಬರಲು ಒಂದು ದಿನದ ಕೂಲಿ ಬಿಡಬೇಕು.