ದನದ ರೋಗದ ಲೆಕ್ಕಕ್ಕೆ ಸೇರಿದ ಕುರಿಗಳು

ತಮಿಳುನಾಡಿನ ಅರಸೂರು ಎಂಬ ಹಳ್ಳಿಯಲ್ಲಿ 1987ರಲ್ಲಿ ಕುರಿಗಳು ಸಾಯತೊಡಗಿದವು. ಮೊದಲು ಜ್ವರ, ಆಮೇಲೆ ಮೂಗಿನಿಂದ ಸುರಿಯುವ ಸಿಂಬಳ, ಬಾಯಿ ಹುಣ್ಣು, ಭೇದಿ, ಕೊನೆಗೆ ಏದುಸಿರು. ಮಸ್ಕಿ, ಸಿಂಧನೂರು, ಲಿಂಗಸುಗೂರು ಸೀಮೆಯ ಕುರಿಗಾರರಿಗೆ ಇದನ್ನು ವಿವರಿಸಬೇಕಿಲ್ಲ. ಹಿರೇಬೇನೆ ಎಂದರೆ ಸಾಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಎಸ್. ಶೈಲಾ ಮತ್ತು ಸಂಗಡಿಗರು ಅರಸೂರಿನ ವೈರಾಣುವನ್ನು ಪರೀಕ್ಷಿಸಿ, ಇದು ಕುರಿ, ಮೇಕೆಗಳ ಪಿಪಿಆರ್ ಎಂಬ ರೋಗ ಎಂದು 1989ರಲ್ಲಿ ಪ್ರಕಟಿಸಿದರು. ಭಾರತದಲ್ಲಿ ಈ ರೋಗಕ್ಕೆ ಸ್ವಂತ ಗುರುತು ಸಿಕ್ಕಿದ್ದು ಆಗ.

ಅಲ್ಲಿಯವರೆಗೆ ಕುರಿ, ಮೇಕೆಗಳಲ್ಲಿ ಇಂಥ ಲಕ್ಷಣ ಕಂಡರೆ ದನಗಳ ರಿಂಡರ್‌ಪೆಸ್ಟ್ ಎಂದೇ ಬರೆದುಕೊಳ್ಳುವುದು ರೂಢಿ. ಆ ದೊಡ್ಡ ರೋಗದ ಭಯ ಅಷ್ಟಿತ್ತು. ಹೆಬ್ಬಾಳದಲ್ಲಿ 1925ರಲ್ಲಿ ಮೈಸೂರು ಸೀರಂ ಸಂಸ್ಥೆ ಹುಟ್ಟಿದ್ದೂ ಅದರ ವಿರುದ್ಧ ಹೋರಾಡಲೆಂದೇ. ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್‌ನಲ್ಲಿ 1942ರಷ್ಟು ಹಿಂದೆಯೇ ಗಾರ್ಗಡೆನೆಕ್ ಮತ್ತು ಲಲಾನ್ ಪಿಪಿಆರ್ ಅನ್ನು ವರ್ಣಿಸಿದ್ದರು. ಆದರೂ ಅದು ರಿಂಡರ್‌ಪೆಸ್ಟ್‌ನ ದಾಯಾದಿಯೇ ಹೊರತು ಅದರ ಇನ್ನೊಂದು ರೂಪವಲ್ಲ ಎಂದು ಒಪ್ಪಿಗೆಯಾಗಲು 1970ರ ದಶಕದ ಕೊನೆ ಬರಬೇಕಾಯಿತು. ದನ ಸತ್ತರೆ ಸರ್ಕಾರ ಅಲುಗುತ್ತಿತ್ತು, ಕುರಿ ಸತ್ತರೆ ಕುರಿಗಾರನೊಬ್ಬನೇ ಅಳುತ್ತಿದ್ದ. ಅಷ್ಟು ವರ್ಷ ಸತ್ತ ಹಿಂಡುಗಳಲ್ಲಿ ಎಷ್ಟು ಈ ರೋಗದ ಪಾಲು ಎಂದು ಹೇಳಬಲ್ಲ ಕಡತ ಉಳಿದಿಲ್ಲ. ಇದು ನನಗೆ ನುಂಗಲಾರದ ನೋವು.

ಪಿಪಿಆರ್ ವೈರಾಣು ಮೊದಲು ಹಿಡಿಯುವುದು ಕುರಿಯ ರಕ್ಷಣಾ ವ್ಯವಸ್ಥೆಯನ್ನೇ. ಸೋಂಕಿನ ವಿರುದ್ಧ ಕಾದಾಡುವ ಬಿಳಿರಕ್ತಕಣಗಳಿಗೆ ಹೊಕ್ಕು ಅವನ್ನು ಕುಗ್ಗಿಸುತ್ತದೆ. ಕಾವಲು ಸಡಿಲವಾದ ಹೊತ್ತಿನಲ್ಲಿ ಶ್ವಾಸಕೋಶಕ್ಕೆ ಬೇರೆ ಬ್ಯಾಕ್ಟೀರಿಯಾಗಳು ನುಗ್ಗುತ್ತವೆ. ಎಷ್ಟೋ ಕುರಿಗಳು ಕೊನೆಗೆ ನ್ಯುಮೋನಿಯಾದಿಂದ ಸಾಯುವುದು ಹೀಗೆ. ಇದೇ ವೈರಾಣು ಆಕಳು, ಎಮ್ಮೆಗಳಿಗೂ ತಗಲುತ್ತದೆ. ಅವುಗಳ ರಕ್ತದಲ್ಲಿ ಪ್ರತಿಕಾಯಗಳು ಮೂಡುತ್ತವೆ, ಸಾಮಾನ್ಯವಾಗಿ ಬೇನೆ ಮಾತ್ರ ಕಾಣಿಸಿಕೊಳ್ಳುವುದಿಲ್ಲ. ಬೇನೆಯಿಂದ ಪಾರಾದ ಕುರಿಗೆ ಮತ್ತೆ ಅದರ ಭಯವಿಲ್ಲ.

ದಾಯಾದಿಗಳಾದ್ದರಿಂದ ಒಂದರ ಲಸಿಕೆ ಇನ್ನೊಂದನ್ನೂ ತಡೆಯುತ್ತಿತ್ತು. ಹಾಗಾಗಿ ರಿಂಡರ್‌ಪೆಸ್ಟ್ ಲಸಿಕೆಯನ್ನೇ ಕುರಿ, ಮೇಕೆಗಳಿಗೂ ಹಾಕುವ ಕ್ರಮವಿತ್ತು. ರಿಂಡರ್‌ಪೆಸ್ಟ್ ನಿರ್ಮೂಲನೆ ಕೊನೆಯ ಹಂತಕ್ಕೆ ಬಂದಾಗ ಅದನ್ನು ನಿಲ್ಲಿಸಬೇಕಾಯಿತು. ರಕ್ತದಲ್ಲಿ ಕಂಡ ಪ್ರತಿಕಾಯ ರೋಗದ್ದೋ ಲಸಿಕೆಯದ್ದೋ ಎಂಬ ಗೊಂದಲ ಸಮೀಕ್ಷೆಗೆ ಅಡ್ಡಿ. ಆ ನಿರ್ಧಾರ ಸರಿಯೇ. ದೇಶದಲ್ಲಿ ಕೊನೆಯ ರಿಂಡರ್‌ಪೆಸ್ಟ್ ಪ್ರಕರಣ 1995ರದ್ದು, 2011ರಲ್ಲಿ ಜಗತ್ತೇ ಅದರಿಂದ ಮುಕ್ತವಾಯಿತು. ಆದರೆ ದನಗಳ ಗೆಲುವಿಗಾಗಿ ಕುರಿಗಳು ಆಸರೆ ಕಳೆದುಕೊಂಡದ್ದನ್ನು ಆ ಸಂಭ್ರಮದಲ್ಲಿ ಯಾರೂ ನೆನೆಯಲಿಲ್ಲ.

ಪಿಪಿಆರ್‌ನದೇ ದೇಶೀ ಲಸಿಕೆ ಆಮೇಲೆ ಬಂತು. ಅದಕ್ಕೆ ಬಳಸಿದ ವೈರಾಣುವಿನ ಒಂದು ತಳಿ ಸುಂಗ್ರಿ ಎಂಬ ಊರಿನದು, ಇನ್ನೊಂದು ಅದೇ ಅರಸೂರಿನದು. 2015ರಲ್ಲಿ ಐವರಿ ಕೋಸ್ಟ್‌ನ ಅಬಿಜಾನ್‌ನಲ್ಲಿ ಸೇರಿದ ದೇಶಗಳು 2030ರೊಳಗೆ ಈ ರೋಗವನ್ನು ಅಳಿಸುವ ಗುರಿ ಹಾಕಿಕೊಂಡವು. ಆಗದ ಮಾತೇನಲ್ಲ. ವೈರಾಣುವಿನ ಸೀರೋಟೈಪ್, ಅಂದರೆ ಪ್ರತಿಕಾಯಗಳು ಗುರುತಿಸುವ ಬಗೆ, ಒಂದೇ, ಒಮ್ಮೆ ಹಾಕಿದ ಲಸಿಕೆ ಕನಿಷ್ಠ ಮೂರು ವರ್ಷ ಕಾಯುತ್ತದೆ.

ಕಷ್ಟವಿರುವುದು ಹಿಂಡಿನ ಬೆನ್ನು ಹತ್ತುವುದರಲ್ಲಿ. ಕುರಿಗಾರರು ಮೇವು ಅರಸಿ ಊರೂರು ಸುತ್ತುತ್ತಾರೆ, ಹೊಲಗಳಲ್ಲಿ ಹಿಂಡು ತರುಬುತ್ತಾರೆ. ಲಸಿಕೆಯವರು ಊರಿಗೆ ಬರುವ ಹೊತ್ತಿಗೆ ಹಿಂಡು ಇನ್ನೆಲ್ಲೋ ಇರುತ್ತದೆ. ಆದ್ದರಿಂದ ಊರು ಬಿಡುವ ಮುನ್ನವೇ ಪಶು ಆಸ್ಪತ್ರೆಯವರನ್ನು ಹಟ್ಟಿಗೆ ಕರೆಸಿಕೊಳ್ಳಿ. ಮರಿಗಳಿಗೆ ತಾಯಿಯ ಹಾಲಿನಿಂದ ಬಂದ ರಕ್ಷಣೆ ಕರಗುವ ನಾಲ್ಕನೇ ತಿಂಗಳ ಹೊತ್ತಿಗೆ ಲಸಿಕೆ ಹಾಕಿಸಿ. ಸಂತೆಯಲ್ಲಿ ಕೊಂಡ ಕುರಿಯನ್ನು ಕೆಲವು ವಾರ ಬೇರೆ ಕಟ್ಟಿ, ಆಮೇಲೆ ಹಿಂಡಿಗೆ ಬಿಡಿ.